‘ಮದಾಮ್ ಬೊವಾರಿ’ಯ ಕರ್ತೃ ಗುಸ್ತಾವ್ ಫ್ಲೋಬೇರ್

ಕಾಲೇಜಿನ ಗ್ರಂಥಾಲಯದಿಂದ ‘ಮದಾಮ್ ಬೊವಾರಿ’ಯ ಇಂಗ್ಲಿಷ್ ಅನುವಾದವನ್ನು ಕೊಂಡೊಯ್ದಿದ್ದ ವಿದ್ಯಾರ್ಥಿಯೊಬ್ಬನು ಎರಡು ವಾರಗಳ ಬಳಿಕ ಅದನ್ನು ಹಿಂದಿರುಗಿಸುತ್ತ, ತನಗೆ ಬಹಳ ನಿರಾಶೆಯಾಯಿತೆಂದು ಹೇಳಿದನು. ನ್ಯಾಯಾಸ್ಥಾನದ ಕಟಕಟೆಯನ್ನು ಹತ್ತಿದ ಪುಸ್ತಕ, ದಾಂಪತ್ಯದ್ರೋಹದ ಕಥೆ ಎಂದು ಕೇಳಿ ಅವನು ಅದನ್ನು ಕುತೂಹಲದಿಂದ ಕೈಗೆತ್ತಿಕೊಂಡಿದ್ದನು. ಆದರೆ ಪುಸ್ತಕದ ಅರ್ಧದ ಸಮೀಪಕ್ಕೆ ಬರುವವರೆಗೂ ದ್ರೋಹವೆಂಬುದು ನಡೆಯುವುದೇ ಇಲ್ಲ. ಅಲ್ಲಿಯವರೆಗೆ ಮಳೆ, ಕೆಸರು, ಊಟದ ಮೇಜು, ಔಷಧದ ಅಂಗಡಿಯವನ ಉಪನ್ಯಾಸ, ಗಂಡನ ಗೊರಕೆ! ಇಷ್ಟು ನಿಧಾನವಾದ ಕಥೆಯನ್ನು ಲೋಕ ಏಕೆ ಹೊಗಳುತ್ತದೆ ಎಂಬುದು ಅವನ ಪ್ರಶ್ನೆ.

ಆ ಮಾತನ್ನು ತಳ್ಳಿಹಾಕುವ ಧೈರ್ಯ ನನಗಾಗಲಿಲ್ಲ. ಎಂ.ಎ. ತರಗತಿಯಲ್ಲಿದ್ದಾಗ ನಾನೂ ಅದೇ ಪುಸ್ತಕವನ್ನು ಅರ್ಧಕ್ಕೆ ಮಡಿಸಿಟ್ಟವನೇ. ಕೆಲವು ವರ್ಷಗಳ ಮೇಲೆ ಅದನ್ನು ಬರೆದವನ ಜೀವನವೃತ್ತಾಂತವನ್ನು ಓದಿದ ಬಳಿಕ ಕಾದಂಬರಿಯನ್ನು ಮತ್ತೆ ತೆರೆಯಬೇಕೆನಿಸಿತು. ಆ ನಿಧಾನಕ್ಕೆ ಒಬ್ಬ ಮನುಷ್ಯನು ಎಂಥ ಬೆಲೆ ತೆತ್ತನೆಂಬುದು ಆಗ ತಿಳಿಯಿತು. ಆ ವೃತ್ತಾಂತವನ್ನು ಸಹೃದಯರ ಮುಂದಿಡುವುದು ಈ ಲೇಖನದ ಉದ್ದೇಶ.

ಗುಸ್ತಾವ್ ಫ್ಲೋಬೇರನು 1821ನೆಯ ಡಿಸೆಂಬರ್ 12ರಂದು ಫ್ರಾನ್ಸಿನ ನಾರ್ಮಂಡಿ ಪ್ರಾಂತದ ರೂಆನ್ ನಗರದಲ್ಲಿ ಜನಿಸಿದನು. ತಂದೆ ಅಲ್ಲಿನ ದೊಡ್ಡ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯ. ಕುಟುಂಬದ ವಾಸವೂ ಆಸ್ಪತ್ರೆಯ ಕಟ್ಟಡದಲ್ಲಿಯೇ. ಗುಸ್ತಾವನೂ ಅವನ ತಂಗಿ ಕಾರೊಲೀನಳೂ ತೋಟದ ದ್ರಾಕ್ಷಿಯ ಚಪ್ಪರವನ್ನು ಹತ್ತಿ, ಶವಚ್ಛೇದನದ ಕೋಣೆಯೊಳಗೆ ಇಣಿಕಿ ನೋಡುತ್ತಿದ್ದರಂತೆ. ಹೂವಿನ ಮೇಲೆ ಹಾರಾಡಿದ ನೊಣವೇ ಹೆಣದ ಮೇಲೆಯೂ ಕುಳಿತುಕೊಳ್ಳುವುದನ್ನು ಎಳೆಯ ವಯಸ್ಸಿನಲ್ಲಿ ಕಂಡ ಕಣ್ಣುಗಳು ಅವು. ಅಣ್ಣ ಆಶೀಲನು ತಂದೆಯ ವೃತ್ತಿಯನ್ನು ಹಿಡಿದನು. ತಮ್ಮನ ಕೈಗೆ ಶಸ್ತ್ರದ ಬದಲು ಲೇಖನಿ ಬಂದಿತು. ಕಾದಂಬರಿಯ ಕೊನೆಯಲ್ಲಿ ಸಾಯುತ್ತಿರುವ ಎಮ್ಮಾಳನ್ನು ನೋಡಲು ಬರುವ ಮಹಾವೈದ್ಯನ ಚಿತ್ರದಲ್ಲಿ ವಿಮರ್ಶಕರು ಈ ತಂದೆಯ ಛಾಯೆಯನ್ನು ಕಂಡಿದ್ದಾರೆ.

1836ರ ಬೇಸಗೆಯಲ್ಲಿ, ಇನ್ನೂ ಹದಿನೈದು ತುಂಬದ ಹುಡುಗನಾಗಿದ್ದಾಗ, ತ್ರೂವಿಲ್ ಎಂಬ ಕಡಲತೀರದ ಊರಿನಲ್ಲಿ ಅವನು ಎಲೀಸಾ ಶ್ಲೆಸಿಂಜರ್ ಎಂಬಾಕೆಯನ್ನು ಕಂಡನು. ಆಕೆ ಅವನಿಗಿಂತ ಹತ್ತು ವರ್ಷಕ್ಕೂ ಹೆಚ್ಚು ಹಿರಿಯಳು. ಸಂಗೀತ ಗ್ರಂಥಗಳ ಪ್ರಕಾಶಕನೊಬ್ಬನೊಡನೆ ಸಂಸಾರ ಹೂಡಿದ್ದವಳು, ಕೈಯಲ್ಲಿ ಕೂಸಿದ್ದ ತಾಯಿ. ಹುಡುಗನ ಮನಸ್ಸಿನಲ್ಲಿ ಆಕೆಯ ಮೂರ್ತಿ ನೆಟ್ಟುಹೋಯಿತು. ಅದು ಎಂದೂ ಕೈಗೂಡದ ಪ್ರೀತಿ. ಮೂವತ್ತು ವರ್ಷಗಳ ಮೇಲೆ ಅದೇ ಮತ್ತೊಂದು ಕಾದಂಬರಿಗೆ ಬೀಜವಾಯಿತು.

ತಂದೆಯ ಇಚ್ಛೆಯಂತೆ ಅವನು ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ಪ್ಯಾರಿಸ್ಸಿಗೆ ಹೋದನು. ಆ ಶಾಸ್ತ್ರ ಅವನಿಗೆ ಒಗ್ಗಲಿಲ್ಲ. 1843ರಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. 1844ರ ಜನವರಿಯ ಒಂದು ರಾತ್ರಿ ಅಣ್ಣನೊಡನೆ ಬಂಡಿಯಲ್ಲಿ ಬರುತ್ತಿದ್ದಾಗ ಅವನು ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪಿ ಬಿದ್ದನು. ಅಪಸ್ಮಾರದಂಥ ಆ ನರರೋಗ ಜೀವನದುದ್ದಕ್ಕೂ ಅವನನ್ನು ಕಾಡಿತು. ಆದರೆ ಅದೇ ಅವನನ್ನು ವಕೀಲಿಯಿಂದ ಬಿಡುಗಡೆಗೊಳಿಸಿತೆಂಬುದೂ ನಿಜ. ಅದೇ ವರ್ಷ ತಂದೆ ಸೇನ್ ನದಿಯ ದಂಡೆಯ ಕ್ರುವಾಸೆ ಎಂಬ ಹಳ್ಳಿಯಲ್ಲಿ ಮನೆಯೊಂದನ್ನು ಕೊಂಡನು. 1846ರ ಜನವರಿಯಲ್ಲಿ ತಂದೆ ತೀರಿಕೊಂಡನು. ಸುಮಾರು ಎರಡು ತಿಂಗಳ ಬಳಿಕ ಪ್ರೀತಿಯ ತಂಗಿ ಹಸುಗೂಸೊಂದನ್ನು ಹೆತ್ತು ಬಾಣಂತಿತನದಲ್ಲಿಯೇ ಕಣ್ಮುಚ್ಚಿದಳು. ತಾಯಿ, ತಬ್ಬಲಿಯಾದ ಸೋದರಸೊಸೆ, ತಾನು, ಹೀಗೆ ಮೂವರ ಸಂಸಾರ ಕ್ರುವಾಸೆಯಲ್ಲಿ ನೆಲೆಗೊಂಡಿತು. ತಾಯಿಯ ಹೆಸರನ್ನೇ ಪಡೆದ ಆ ಮಗುವನ್ನು ಫ್ಲೋಬೇರನು ತಾನೇ ಪಾಠ ಹೇಳಿ ಬೆಳೆಸಿದನು. ಅವನು ಮದುವೆಯಾಗಲಿಲ್ಲ.

ಮದುವೆಯಾಗದ ಈ ಮನುಷ್ಯನಿಗೆ ದಾಂಪತ್ಯದ್ರೋಹದ ಸಂಗತಿ ಎಲ್ಲಿಂದ ತಿಳಿಯಿತೆಂದು ಕೇಳಬಹುದು. 1846ರಲ್ಲಿಯೇ ಪ್ಯಾರಿಸ್ಸಿನ ಶಿಲ್ಪಿಯೊಬ್ಬನ ಕಾರ್ಯಾಗಾರದಲ್ಲಿ ಅವನಿಗೆ ಲೂಯೀಸ್ ಕೋಲೆ ಎಂಬ ಕವಯಿತ್ರಿಯ ಪರಿಚಯವಾಗಿತ್ತು. ಆಕೆ ವಿವಾಹಿತೆ, ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು, ಅಕಾಡೆಮಿಯ ಬಹುಮಾನ ಪಡೆದವಳು. ಪರಿಚಯ ಕೆಲವೇ ದಿನಗಳಲ್ಲಿ ಪ್ರಣಯವಾಯಿತು. ನಡುವೆ ಕಡಿದುಹೋಗಿ, 1851ರಲ್ಲಿ ಮತ್ತೆ ಕೂಡಿಕೊಂಡ ಈ ಸಂಬಂಧ ಹೆಚ್ಚಾಗಿ ಕಾಗದದ ಮೇಲೆಯೇ ಬಾಳಿತು. ಪ್ಯಾರಿಸ್ಸಿಗೂ ರೂಆನಿಗೂ ನಡುವಣ ಮಾಂತ್ ಎಂಬ ಊರಿನಲ್ಲಿ ಅವರಿಬ್ಬರೂ ಅಪರೂಪಕ್ಕೆ ಸಂಧಿಸುತ್ತಿದ್ದರು. ಕ್ರುವಾಸೆಗೆ ಬರುತ್ತೇನೆಂದು, ತಾಯಿಯನ್ನು ನೋಡುತ್ತೇನೆಂದು ಆಕೆ ಎಷ್ಟು ಬೇಡಿದರೂ ಅವನು ಒಪ್ಪಲಿಲ್ಲ. ಒಮ್ಮೆ ಆಕೆ ತಾನಾಗಿಯೇ ಬಂದಾಗ ಮನೆಯ ಬಾಗಿಲು ತೆರೆಯಲಿಲ್ಲ. ಬರೆಯುವ ಮೇಜಿನ ಹತ್ತಿರ ಪ್ರೇಯಸಿಗೆ ಸ್ಥಳವಿರಲಿಲ್ಲ. ಆದರೆ ‘ಮದಾಮ್ ಬೊವಾರಿ’ ಹೇಗೆ ಹುಟ್ಟಿತೆಂಬುದನ್ನು ನಾವು ಇಂದು ಅರಿಯುವುದು ಬಹುಮಟ್ಟಿಗೆ ರಾತ್ರಿ ಕೆಲಸ ಮುಗಿಸಿ ಅವನು ಆಕೆಗೆ ಬರೆದ ಪತ್ರಗಳಿಂದಲೇ. 1855ರ ಮಾರ್ಚಿಯಲ್ಲಿ, ತಾನಿನ್ನು ಆಕೆಯನ್ನು ಎಂದೂ ಕಾಣುವುದಿಲ್ಲವೆಂದು ಒಂದು ಚಿಕ್ಕ, ಕಠೋರ ಪತ್ರವನ್ನು ಬರೆದು ಆ ಸಂಬಂಧವನ್ನು ಮುಗಿಸಿದನು. ಕಾದಂಬರಿಯಲ್ಲಿ ರೊಡೊಲ್ಫನು ಎಮ್ಮಾಳನ್ನು ತೊರೆಯುತ್ತ ಪತ್ರ ಬರೆದು ಹಣ್ಣಿನ ಬುಟ್ಟಿಯಲ್ಲಿಟ್ಟು ಕಳುಹಿಸುವ ಪ್ರಸಂಗವನ್ನು ಓದುವಾಗ ಇದು ನೆನಪಾಗದೆ ಇರದು.

ಈ ಕಾದಂಬರಿಯ ಮೂಲದಲ್ಲಿಯೂ ಒಂದು ನಿರಾಶೆಯೇ ಇದೆ. ಅದಕ್ಕೆ ಮೊದಲು ಅವನು ಸಂತ ಆಂಟನಿಯ ಪ್ರಲೋಭನೆಯನ್ನು ಕುರಿತು ಮಹಾಗ್ರಂಥವೊಂದನ್ನು ಬರೆದಿದ್ದನು. 1849ರ ಸೆಪ್ಟೆಂಬರಿನಲ್ಲಿ ಲೂಯಿ ಬೂಯೆ, ಮಾಕ್ಸೀಮ್ ದು ಕಾಂ ಎಂಬ ಇಬ್ಬರು ಗೆಳೆಯರನ್ನು ಕರೆಸಿ, ದಿನಕ್ಕೆ ಎಂಟು ಗಂಟೆಯಂತೆ ನಾಲ್ಕು ದಿನ ಅದನ್ನು ಓದಿ ಹೇಳಿದನು. ಕೇಳಿ ಮುಗಿಸಿದ ಗೆಳೆಯರು, ಇದನ್ನು ಬೆಂಕಿಗೆ ಹಾಕಿ ಮರೆತುಬಿಡುವುದೇ ಲೇಸೆಂದು ತೀರ್ಪುಕೊಟ್ಟರು. ಭಾವಾವೇಶಕ್ಕೆ ಎಡೆಯಿಲ್ಲದ, ನೆಲದ ಮೇಲಿನ ಸಾಧಾರಣ ವಸ್ತುವೊಂದನ್ನು ಹಿಡಿಯಬೇಕೆಂದು ಬುದ್ಧಿ ಹೇಳಿದರು. ದು ಕಾಂ ತನ್ನ ನೆನಪುಗಳಲ್ಲಿ ಹೀಗೆ ಬರೆದಿದ್ದಾನೆ. ರೂಆನಿಗೆ ಸಮೀಪದ ರೀ ಎಂಬ ಹಳ್ಳಿಯಲ್ಲಿ ದೆಲಾಮಾರ್ ಎಂಬ ಕೆಳದರ್ಜೆಯ ವೈದ್ಯನಿದ್ದನು. ಫ್ಲೋಬೇರನ ತಂದೆಯ ಶಿಷ್ಯ. ಅವನ ಎಳೆಯ ಹೆಂಡತಿ 1848ರಲ್ಲಿ ಸತ್ತಿದ್ದಳು. ಮರುವರ್ಷ ಅವನೂ ಸತ್ತನು. ಆಕೆಯ ನಡತೆಯ ಬಗ್ಗೆಯೂ ಸಾಲದ ಬಗ್ಗೆಯೂ ಊರಿನಲ್ಲಿ ಮಾತು ಹಬ್ಬಿತ್ತು. ಕಾದಂಬರಿಗೆ ಇದೇ ಮೂಲವೆಂದು ಬಹಳ ಮಂದಿ ಹೇಳುತ್ತ ಬಂದಿದ್ದಾರೆ. ಫ್ಲೋಬೇರನು ಮಾತ್ರ ತನ್ನ ಕಥೆ ಪೂರ್ತಿಯಾಗಿ ಕಲ್ಪಿತವೆಂದೇ ಸಾಧಿಸಿದನು.

ಗೆಳೆಯರ ತೀರ್ಪನ್ನು ನುಂಗಿಕೊಂಡು ಅವನು ದು ಕಾಂನೊಡನೆ ಈಜಿಪ್ಟ್, ಪ್ಯಾಲೆಸ್ಟೈನ್, ಗ್ರೀಸ್ ದೇಶಗಳನ್ನು ಸುತ್ತಿ ಬಂದನು. 1851ನೆಯ ಸೆಪ್ಟೆಂಬರ್ 19ರಂದು ಹೊಸ ಕಾದಂಬರಿಯ ಮೊದಲ ಸಾಲುಗಳನ್ನು ಬರೆಯಲು ಕುಳಿತವನು ಅದನ್ನು ಮುಗಿಸಿದ್ದು 1856ರ ವಸಂತದಲ್ಲಿ. ನಾಲ್ಕೂವರೆ ವರ್ಷಗಳಿಗೂ ಮಿಕ್ಕ ಕಾಲ! ಹಗಲು ಹೊತ್ತೇರಿ ಎದ್ದು ರಾತ್ರಿ ಬಹಳ ಹೊತ್ತಿನವರೆಗೆ ಬರೆಯುತ್ತಿದ್ದನು. ಒಂದು ವಾರದ ದುಡಿಮೆಗೆ ಒಂದೆರಡು ಪುಟಗಳು ಉಳಿದರೆ ಹೆಚ್ಚು. ಬರೆದ ವಾಕ್ಯವನ್ನು ಕೋಣೆಯಲ್ಲಿ ಅಡ್ಡಾಡುತ್ತ ಗಟ್ಟಿಯಾಗಿ ಕೂಗಿ ಹೇಳುವನು. ಉಸಿರಿಗೆ ಒಗ್ಗದ, ಕಿವಿಗೆ ಒರಟಾದ ವಾಕ್ಯವನ್ನು ಹೊಡೆದುಹಾಕುವನು. ಭಾನುವಾರ ಬೂಯೆ ಬಂದು ವಾರದ ಬರಹವನ್ನು ಕೇಳಿ ಮತ್ತೊಂದಷ್ಟನ್ನು ಕತ್ತರಿಸುವನು. ಹೀಗೆ ಬಿಟ್ಟುಹೋದ ಕರಡಿನ ಸಾವಿರಾರು ಹಾಳೆಗಳು ರೂಆನಿನ ಗ್ರಂಥಾಲಯದಲ್ಲಿ ಇಂದಿಗೂ ಇವೆ.

ಇಷ್ಟು ಶ್ರಮದಿಂದ ಕಟ್ಟಿದ ಕಥೆ ಎರಡು ಮಾತಿನಲ್ಲಿ ಮುಗಿಯುವಂಥದು. ರೈತನ ಮಗಳು ಎಮ್ಮಾ ಕಾನ್ವೆಂಟಿನಲ್ಲಿದ್ದಾಗ, ಬಟ್ಟೆ ಹೊಲಿಯಲು ಬರುತ್ತಿದ್ದ ಮುದುಕಿಯೊಬ್ಬಳು ಸೆರಗಿನಲ್ಲಿ ಬಚ್ಚಿಟ್ಟು ತರುತ್ತಿದ್ದ ಪ್ರಣಯಕಥೆಗಳನ್ನು ಓದಿ ಬೆಳೆದವಳು. ಶಾರ್ಲ್ ಬೊವಾರಿ ಎಂಬ ಒಳ್ಳೆಯವನೂ ಮಂದಮತಿಯೂ ಆದ ಹಳ್ಳಿಯ ವೈದ್ಯನನ್ನು ಮದುವೆಯಾಗುತ್ತಾಳೆ. ಓದಿದ ಪುಸ್ತಕಗಳಲ್ಲಿ ಕಂಡದ್ದು ಬಾಳಿನಲ್ಲಿ ಬಾರದು. ಅದನ್ನು ಅರಸುತ್ತ ರೊಡೊಲ್ಫನ ವಶವಾಗುತ್ತಾಳೆ. ಅವನು ಕೈಬಿಟ್ಟ ಮೇಲೆ ಲೆಯೋನನ ವಶವಾಗುತ್ತಾಳೆ. ಬಟ್ಟೆಯ ವ್ಯಾಪಾರಿಯೊಬ್ಬನು ಸಾಲಪತ್ರಗಳ ಬಲೆಯನ್ನು ಬೀಸಿ ಮನೆಯನ್ನು ಜಪ್ತಿಗೆ ತರುತ್ತಾನೆ. ಆಕೆ ಪಾಷಾಣ ತಿಂದು ಸಾಯುತ್ತಾಳೆ. ಗಂಡನು ಕೊರಗಿ ಸಾಯುತ್ತಾನೆ. ಮಗಳು ಹತ್ತಿಯ ಗಿರಣಿಯಲ್ಲಿ ಕೂಲಿಯಾಗುತ್ತಾಳೆ. ಔಷಧದ ಅಂಗಡಿಯ ಒಮೇಗೆ ಸರಕಾರದ ಪದಕ ದೊರೆಯುತ್ತದೆ.

ನಮ್ಮ ಜನ್ನನ ‘ಯಶೋಧರ ಚರಿತೆ’ಯನ್ನು ಪಾಠ ಹೇಳುವಾಗಲೆಲ್ಲ ನನಗೆ ಎಮ್ಮಾ ನೆನಪಾಗುತ್ತಾಳೆ. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಅಮೃತಮತಿಯ ಮನಸ್ಸು ತಿರುಗುವುದಕ್ಕೆ ಒಂದು ರಾತ್ರಿ ಕಿವಿಗೆ ಬಿದ್ದ ಮಾವುತನ ಹಾಡೊಂದು ಸಾಕು. ಕೆಲವೇ ಪದ್ಯಗಳಲ್ಲಿ ಅರಮನೆಯೊಂದು ಕುಸಿಯುತ್ತದೆ. ಅಲ್ಲಿ ವಿಷ ಗಂಡನ ಪಾಲಿಗೆ. ಇಲ್ಲಿ ಹೆಂಡತಿಯ ಪಾಲಿಗೆ. ಅಲ್ಲಿ ಕರ್ಮಫಲ ಜನ್ಮಜನ್ಮಾಂತರಗಳಲ್ಲಿ ಬೆನ್ನುಹತ್ತಿ, ತಪ್ಪು ಯಾವುದೆಂಬುದನ್ನು ಓದುಗನಿಗೆ ತಿಳಿಸಿಕೊಡುತ್ತದೆ. ಫ್ಲೋಬೇರನ ಲೋಕದಲ್ಲಿ ಅಂಥ ಹಾಡೂ ಇಲ್ಲ, ಅಂಥ ನ್ಯಾಯವೂ ಇಲ್ಲ. ಎಮ್ಮಾಳ ಪತನಕ್ಕೆ ಕಾರಣವಾದ ಗಳಿಗೆ ಇದು ಎಂದು ಬೆರಳಿಟ್ಟು ತೋರಿಸುವಂತಿಲ್ಲ. ಒಂದರ ಹಿಂದೊಂದು ಬರುವ ಒಂದೇ ಬಗೆಯ ದಿನಗಳು ಆಕೆಯನ್ನು ಸವೆಸುತ್ತವೆ. ಆ ಸವೆತ ನಮಗೆ ತಟ್ಟಬೇಕಾದರೆ ಆ ದಿನಗಳನ್ನು ನಾವೂ ಕಳೆಯಬೇಕು. ಬೇಗ ಓಡುವ ಕಥೆಯಲ್ಲಿ ಎಮ್ಮಾ ಚಪಲೆಯಾದ ಹೆಂಗಸಾಗಿ ಕಾಣುವಳು. ಈ ಕಥೆಯಲ್ಲಿ ಆಕೆಯ ಉಸಿರು ಕಟ್ಟುವುದು ನಮಗೂ ತಿಳಿಯುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಥೆ ಬೇಗ ಸಾಗಬೇಕು, ಪ್ರಣಯ ಬೇಗ ಬರಬೇಕು ಎಂದು ಚಡಪಡಿಸುವ ಓದುಗನು ತನಗೆ ತಿಳಿಯದಂತೆಯೇ ಎಮ್ಮಾಳ ಪಕ್ಕದಲ್ಲಿ ಕುಳಿತಿರುತ್ತಾನೆ. ಆಕೆಯ ಚಡಪಡಿಕೆಯೂ ಅದೇ ತಾನೆ? ಅವನ ಬೇಸರವೇ ಆಕೆಯ ಬೇಸರ. ಪ್ರಣಯ ಕೊನೆಗೂ ಬಂದಾಗ ಕೃಷಿಪ್ರದರ್ಶನದ ಸಭೆಯಲ್ಲಿ ಬರುತ್ತದೆ. ಮೇಲೆ ಮಹಡಿಯಲ್ಲಿ ರೊಡೊಲ್ಫನು ಪ್ರೇಮದ ಮಾತುಗಳನ್ನು ಆಡುತ್ತಿರುವಾಗ ಕೆಳಗೆ ಗೊಬ್ಬರಕ್ಕೂ ಹಂದಿಗಳಿಗೂ ಬಹುಮಾನಗಳನ್ನು ಸಾರುತ್ತಿರುತ್ತಾರೆ. ಲೇಖಕನು ನಡುವೆ ಬಂದು ಒಂದು ಮಾತನ್ನೂ ಆಡುವುದಿಲ್ಲ. ಈ ಒಂದು ದೃಶ್ಯಕ್ಕೆ ಅವನು ತಿಂಗಳುಗಟ್ಟಲೆ ದುಡಿದನು.

ಲೇಖಕನ ಈ ಮೌನವೇ ಅವನನ್ನು ನ್ಯಾಯಾಸ್ಥಾನಕ್ಕೆ ಎಳೆಯಿತು. ದು ಕಾಂ ಸಂಪಾದಕರಲ್ಲೊಬ್ಬನಾಗಿದ್ದ ‘ರೆವ್ಯು ದ ಪಾರಿ’ ಪತ್ರಿಕೆಯಲ್ಲಿ 1856ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಕಾದಂಬರಿ ಆರು ಕಂತುಗಳಲ್ಲಿ ಪ್ರಕಟವಾಯಿತು. ಭಯಪಟ್ಟ ಸಂಪಾದಕರು ಕೆಲವು ಭಾಗಗಳನ್ನು ಕತ್ತರಿಸಿದರೂ ಸರಕಾರದ ಕಣ್ಣು ತಪ್ಪಲಿಲ್ಲ. ಲೋಕನೀತಿಗೂ ಧರ್ಮಕ್ಕೂ ಅಪಚಾರವಾಗಿದೆಯೆಂದು ಲೇಖಕ, ಸಂಪಾದಕ, ಮುದ್ರಕ ಮೂವರ ಮೇಲೂ ಮೊಕದ್ದಮೆ ಹೂಡಲಾಯಿತು. 1857ರ ಜನವರಿ 29ರಂದು ವಿಚಾರಣೆ ನಡೆಯಿತು. ಎರ್ನೆಸ್ಟ್ ಪಿನಾರ್ ಸರಕಾರದ ವಕೀಲ. ಇಡೀ ಪುಸ್ತಕದಲ್ಲಿ ಈ ಹೆಂಗಸನ್ನು ಖಂಡಿಸಬಲ್ಲ ಒಬ್ಬ ವ್ಯಕ್ತಿಯೂ ಇಲ್ಲವೆಂಬುದು ಅವನ ಆಕ್ಷೇಪಣೆಗಳಲ್ಲಿ ಮುಖ್ಯವಾದುದು. ಅವನು ಕೆಟ್ಟ ಓದುಗನೇನಲ್ಲ. ಪುಸ್ತಕದ ಹೊಸತನವನ್ನು ಹೊಗಳಿದವರಿಗಿಂತ ಸ್ಪಷ್ಟವಾಗಿ ಗುರುತಿಸಿದವನು. ಪಾತ್ರದ ಮನಸ್ಸಿನ ಮಾತನ್ನು ಉದ್ಧರಣಚಿಹ್ನೆಯಿಲ್ಲದೆ ನಿರೂಪಣೆಯ ವಾಕ್ಯದಲ್ಲಿಯೇ ಬೆರೆಸುವ ರೀತಿ ಅಂದಿನ ಓದುಗರಿಗೆ ಅಪರಿಚಿತ. ಆ ಮಾತು ಎಮ್ಮಾಳದೋ ಲೇಖಕನದೋ ಎಂಬ ಗೊಂದಲದಲ್ಲಿ ನ್ಯಾಯಾಸ್ಥಾನವೇ ಸಿಕ್ಕಿಕೊಂಡಿತು. ಹಿಂದೆ ರಾಷ್ಟ್ರೀಯ ಸಭೆಯ ಅಧ್ಯಕ್ಷನಾಗಿದ್ದ ಜೂಲ್ ಸೆನಾರ್ ಫ್ಲೋಬೇರನ ಪರವಾಗಿ ಗಂಟೆಗಟ್ಟಲೆ ವಾದಿಸಿ, ಕಥೆ ದುರ್ನಡತೆಯ ದುಷ್ಫಲವನ್ನು ತೋರಿಸುವ ನೀತಿಪಾಠವೆಂದು ಸಮರ್ಥಿಸಿದನು. ಫೆಬ್ರವರಿ 7ರಂದು, ಪುಸ್ತಕದ ಅತಿವಾಸ್ತವತೆಯನ್ನು ಖಂಡಿಸುತ್ತಲೇ ನ್ಯಾಯಾಧೀಶರು ಆಪಾದಿತರನ್ನು ಬಿಡುಗಡೆ ಮಾಡಿದರು. ಅದೇ ವರ್ಷ ಅದೇ ಪಿನಾರನು ಬೋದಿಲೇರನ ಕವಿತೆಗಳ ಮೇಲೆ ಮೊಕದ್ದಮೆ ನಡೆಸಿ ಗೆದ್ದನು. ಲಂಕೇಶರಿಂದ ‘ಪಾಪದ ಹೂಗಳು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಿರುವ ಆ ಸಂಗ್ರಹದ ಆರು ಕವಿತೆಗಳ ಮೇಲಿನ ನಿಷೇಧವನ್ನು ಫ್ರೆಂಚ್ ನ್ಯಾಯಾಲಯ ತೊಡೆದುಹಾಕಿದ್ದು 1949ರಲ್ಲಿ.

1857ರ ಏಪ್ರಿಲಿನಲ್ಲಿ ಕಾದಂಬರಿ ಪುಸ್ತಕರೂಪದಲ್ಲಿ ಹೊರಬಂದಿತು. ಐದು ವರ್ಷಗಳ ಹಕ್ಕಿಗೆ ಪ್ರಕಾಶಕ ಮಿಶೆಲ್ ಲೆವಿ ಕೊಟ್ಟದ್ದು 800 ಫ್ರಾಂಕು. ಮೊಕದ್ದಮೆಯ ಸುದ್ದಿಯಿಂದ ಪುಸ್ತಕ ಬಿಸಿಬಿಸಿಯಾಗಿ ಮಾರಾಟವಾಯಿತು, ಲಾಭ ಪ್ರಕಾಶಕನದಾಯಿತು. ಹಿರಿಯ ವಿಮರ್ಶಕ ಸಾಂತ್-ಬೋವ್ ಲೇಖಕನ ಶಕ್ತಿಯನ್ನು ಮೆಚ್ಚಿದರೂ, ಮನಸ್ಸಿಗೆ ಸಮಾಧಾನ ಕೊಡುವ ಒಂದು ಒಳ್ಳೆಯ ಜೀವವೂ ಪುಸ್ತಕದಲ್ಲಿಲ್ಲವೆಂದು ಕೊರಗಿದನು. ನೀತಿಗೆಟ್ಟ ಪುಸ್ತಕವೆಂದು ಕೇಳಿ ಕೊಂಡವರಲ್ಲಿ ಎಷ್ಟೋ ಮಂದಿ ನನ್ನ ವಿದ್ಯಾರ್ಥಿಯಂತೆಯೇ ನಿರಾಶರಾಗಿರಬೇಕು.

ಕಾರ್ಥೇಜಿನ ಕಥೆಯಾದ ‘ಸಲಾಂಬೊ’ವನ್ನು 1862ರಲ್ಲಿ ಹೊರತಂದ ಮೇಲೆ ಅವನು ತ್ರೂವಿಲ್ಲಿನ ಹಳೆಯ ಪ್ರೀತಿಗೆ ಮರಳಿದನು. ಐದು ವರ್ಷ ದುಡಿದು 1869ರಲ್ಲಿ ಪ್ರಕಟಿಸಿದ ‘ಭಾವಶಿಕ್ಷಣ’ ಎಂಬರ್ಥದ ಹೆಸರಿನ ಆ ಕಾದಂಬರಿಯಲ್ಲಿ ಫ್ರೆದೆರಿಕ್ ಎಂಬ ತರುಣನು ವಿವಾಹಿತೆಯೊಬ್ಬಳನ್ನು ಜೀವಮಾನವೆಲ್ಲ ಪ್ರೀತಿಸುತ್ತಾನೆ. ಅಲ್ಲಿ ದ್ರೋಹವೂ ನಡೆಯುವುದಿಲ್ಲ. ವರ್ಷಗಳು ಜಾರುತ್ತವೆ, 1848ರ ಕ್ರಾಂತಿ ಬಂದು ಹೋಗುತ್ತದೆ, ಕೂದಲು ನರೆಯುತ್ತದೆ, ಅಷ್ಟೆ. ಅಂದಿನ ವಿಮರ್ಶಕರಲ್ಲಿ ಬಹುಮಂದಿಗೆ ಅದು ನೀರಸವೆನಿಸಿತು. ಜಾರ್ಜ್ ಸ್ಯಾಂಡಳಂಥ ಕೆಲವರು ಸ್ನೇಹಿತರು ಮಾತ್ರ ಅದರ ಪರವಾಗಿ ನಿಂತರು. ಇಂದು ಅದನ್ನು ಅವನ ಅತ್ಯುತ್ತಮ ಕೃತಿಯೆಂದು ಎಣಿಸುವವರೂ ಇದ್ದಾರೆ. ಅವನ ಕಾಲಕ್ಕೆ ಆ ಸಮಾಧಾನ ಬರಲಿಲ್ಲ.

ಅಲ್ಲಿಂದ ಮುಂದೆ ಸಾವುಗಳ ಸರಣಿ. 1869ರಲ್ಲಿ ಬೂಯೆ ಹೋದನು, 1872ರಲ್ಲಿ ತಾಯಿ, 1876ರಲ್ಲಿ ಜಾರ್ಜ್ ಸ್ಯಾಂಡ್. ನಡುವೆ ಪ್ರಷ್ಯದ ಸೈನಿಕರು ಬಂದು ಕ್ರುವಾಸೆಯ ಮನೆಯಲ್ಲಿ ಬೀಡುಬಿಟ್ಟರು. 1875ರಲ್ಲಿ ಎಲ್ಲಕ್ಕಿಂತ ಕ್ರೂರವಾದ ಪೆಟ್ಟು ಬಿದ್ದಿತು. ತಾನು ಎತ್ತಿ ಬೆಳೆಸಿದ ಸೋದರಸೊಸೆಯ ಗಂಡನು ವ್ಯಾಪಾರದಲ್ಲಿ ದಿವಾಳಿಯೆದ್ದನು. ಅವರ ಮಾನವನ್ನು ಉಳಿಸಲು ಫ್ಲೋಬೇರನು ದೋವಿಲ್ಲಿನಲ್ಲಿದ್ದ ತನ್ನ ಜಮೀನನ್ನು ಮಾರಿದನು. ಹೊಟ್ಟೆಪಾಡಿಗಾಗಿ ಬರೆಯದೆ ವರ್ಷಗಟ್ಟಲೆ ಒಂದೇ ಪುಸ್ತಕವನ್ನು ತಿದ್ದುವ ಸ್ವಾತಂತ್ರ್ಯವನ್ನು ಅವನಿಗೆ ಕೊಟ್ಟಿದ್ದುದು ಪಿತ್ರಾರ್ಜಿತದ ವರಮಾನವೇ. ಕ್ರುವಾಸೆಯ ಮನೆಯನ್ನೂ ತಾಯಿ ಮೊಮ್ಮಗಳ ಹೆಸರಿಗೆ ಬರೆದಿದ್ದಳು. ಅದೂ ಸಾಲಗಾರರ ಪಾಲಾದೀತೆಂಬ ಭಯದಲ್ಲಿ ಅವನು ದಿನ ನೂಕಿದನು. ಸಾಲದ ಪತ್ರಗಳು ಸಂಸಾರವೊಂದನ್ನು ನುಂಗುವ ಬಗೆಯನ್ನು ಇಪ್ಪತ್ತು ವರ್ಷಗಳ ಹಿಂದೆ ಅಷ್ಟು ನಿಷ್ಠುರವಾಗಿ ಬರೆದಿದ್ದವನು ಈಗ ಅದನ್ನು ತನ್ನ ಮನೆಯಲ್ಲಿಯೇ ಕಂಡನು. ಎಮ್ಮಾ ಬಾಗಿಲಿಂದ ಬಾಗಿಲಿಗೆ ಹಣ ಬೇಡುತ್ತ ಅಲೆದಳು. ಅವನ ಪರವಾಗಿ ಗೆಳೆಯರು ಅಲೆದರು. ಅವರ ಪ್ರಯತ್ನದಿಂದ 1879ರಲ್ಲಿ ಪ್ಯಾರಿಸ್ಸಿನ ಮಜರೀನ್ ಗ್ರಂಥಾಲಯದಲ್ಲಿ ವರ್ಷಕ್ಕೆ 3000 ಫ್ರಾಂಕುಗಳ ಹೆಸರಿಗೊಂದು ಹುದ್ದೆ ದೊರೆಯಿತು. ಅಭಿಮಾನಿಯಾದ ಅವನು ಅದನ್ನು ಬಹಳ ಸಂಕೋಚದಿಂದ ಒಪ್ಪಿಕೊಂಡನು.

ಆ ಕಷ್ಟದ ದಿನಗಳಲ್ಲಿಯೇ ಅವನು ‘ಮೂರು ಕಥೆಗಳು’ ಸಂಗ್ರಹವನ್ನು ಬರೆದು 1877ರಲ್ಲಿ ಪ್ರಕಟಿಸಿದನು. ಅದರ ಮೊದಲ ಕಥೆಯ ನಾಯಕಿ ಬಡ ದಾಸಿ ಫೆಲಿಸಿತೆ; ಬಾಳಿನಲ್ಲಿ ತಾನು ಪ್ರೀತಿಸಿದವರನ್ನೆಲ್ಲ ಕಳೆದುಕೊಂಡು ಕೊನೆಗೆ ಒಂದು ಗಿಳಿಯನ್ನು ಪ್ರೀತಿಸುವವಳು. ಸಾಂತ್-ಬೋವ್ ಬಯಸಿದ್ದ ಒಳ್ಳೆಯ ಜೀವ ಕೊನೆಗೂ ಬಂದಳು; ನೋಡಲು ಅವನಿರಲಿಲ್ಲ. ಬಾಲ್ಯದ ಗೆಳೆಯನೊಬ್ಬನ ಸೋದರಳಿಯನಾದ ಮೊಪಾಸಾನನ್ನು ಫ್ಲೋಬೇರನು ಮಗನಂತೆ ತಿದ್ದಿ ಬೆಳೆಸಿದನು. ಅವನ ಗದ್ಯದ ಶಿಸ್ತು ಸಣ್ಣಕಥೆಯ ಜಗತ್ತಿಗೆ ಹರಿದುಬಂದದ್ದು ಈ ಶಿಷ್ಯನ ಮೂಲಕ.

1880ನೆಯ ಮೇ 8ರಂದು, ‘ಬೂವಾರ್ ಮತ್ತು ಪೆಕ್ಯುಶೆ’ ಎಂಬ ಕಾದಂಬರಿ ಮೇಜಿನ ಮೇಲೆ ಅಪೂರ್ಣವಾಗಿರುವಾಗಲೇ, ಕ್ರುವಾಸೆಯಲ್ಲಿ ಅವನು ಹಠಾತ್ತಾಗಿ ತೀರಿಕೊಂಡನು. ರೂಆನಿನ ಸ್ಮಶಾನದಲ್ಲಿ ತೋಡಿದ ಕುಣಿ ಅವನ ಭಾರಿ ಶವಪೆಟ್ಟಿಗೆಗೆ ಸಾಲದೆ, ಪೆಟ್ಟಿಗೆ ನಡುವೆಯೇ ಸಿಕ್ಕಿಕೊಂಡಿತೆಂದು ಅಲ್ಲಿದ್ದ ಜೋಲಾ ಬರೆದಿದ್ದಾನೆ. ಫ್ಲೋಬೇರನೇ ಬರೆದಂತಿರುವ ದೃಶ್ಯವದು. ಮರುವರ್ಷ ಮನೆ ಮಾರಾಟವಾಯಿತು. ಅದನ್ನು ಕೆಡವಿ ಮದ್ಯಸಾರದ ಕಾರ್ಖಾನೆಯನ್ನು ಕಟ್ಟಿದರು. ನದಿಯ ದಂಡೆಯ ಒಂದು ಚಿಕ್ಕ ಮಂಟಪ ಮಾತ್ರ ಉಳಿಯಿತು.

ವಿದ್ಯಾರ್ಥಿಗೆ ನಾನು ಇಷ್ಟನ್ನೆಲ್ಲ ಹೇಳಲಿಲ್ಲ. ಕಾದಂಬರಿ ನಿಧಾನವೆಂಬ ಅವನ ಮಾತು ನಿಜವೆಂದೇ ಒಪ್ಪಿಕೊಂಡೆ. ಬೇರೇನನ್ನೂ ಓದದಿದ್ದರೂ ಕೃಷಿಪ್ರದರ್ಶನದ ಅಧ್ಯಾಯವೊಂದನ್ನು ಕೋಣೆಯ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿನೋಡೆಂದು ಮಾತ್ರ ಹೇಳಿದೆ. ಅವನು ಸ್ವಲ್ಪ ಅನುಮಾನದಿಂದಲೇ ಪುಸ್ತಕವನ್ನು ಮತ್ತೆ ತೆಗೆದುಕೊಂಡು ಹೋದನು. ತಿಂಗಳಾಯಿತು, ಇನ್ನೂ ಹಿಂದಿರುಗಿಸಿಲ್ಲ.